ಕೈಕಾಗದ ಮತ್ತು ಅಬ್ರಿ: ಬೆಳಗಾವಿ–ವಿಜಯಪುರ ಸೀಮೆಯ ಕಾಗದ ಕಲೆ

ನಾರು ಮತ್ತು ಚಿಂದಿಬಟ್ಟೆಯನ್ನು ಕುಟ್ಟಿ, ನೀರಿನಲ್ಲಿ ಕದಡಿ, ಜಾಳಿಗೆಯ ಮೇಲೆ ಒಂದೊಂದಾಗಿ ಎತ್ತಿ ಒಣಗಿಸಿದ ಹಾಳೆಯೇ ಕೈಕಾಗದ. ಆ ಹಾಳೆಗೆ ಗಂಜಿ ಸವರಿ ಕಲ್ಲಿನಿಂದ ತಿಕ್ಕಿ ಮೆರುಗು ಕೊಡುವುದು, ಬಣ್ಣ ಊಡುವುದು, ಚಿನ್ನದ ಹುಡಿ ಉದುರಿಸುವುದು, ಲೋಳೆನೀರಿನ ಮೇಲೆ ತೇಲಿಸಿದ ಬಣ್ಣದ ವಿನ್ಯಾಸವನ್ನು ಹಾಳೆಗೆ ಇಳಿಸಿಕೊಳ್ಳುವುದು, ಇವೆಲ್ಲ ಅಲಂಕೃತ ಕಾಗದದ ಕಲೆಗೆ ಸೇರುತ್ತವೆ. ಕೊನೆಯ ವಿಧಾನಕ್ಕೆ ಪಾರಸಿ ಬಳಕೆಯ ನಾಡುಗಳಲ್ಲಿ ಅಬ್ರಿ ಎಂದೂ ತುರ್ಕಿಯಲ್ಲಿ ಎಬ್ರು ಎಂದೂ ಹೆಸರು. ಇಂದಿನ ಮಾರುಕಟ್ಟೆಯಲ್ಲಿ ಮಾರ್ಬಲ್ ಪೇಪರ್ ಎಂಬುದೇ ರೂಢಿ. ಕನ್ನಡ ನಾಡಿನಲ್ಲಿ ಈ ಕಲೆ ತನ್ನ ಎತ್ತರ ಮುಟ್ಟಿದ್ದು 17ನೆಯ ಶತಮಾನದ ವಿಜಯಪುರದಲ್ಲಿ. ಕಾಗದದ ಅಲಂಕಾರವೆಂದರೆ ಬರಹಕ್ಕೆ ಮೇಲಿಂದ ತೊಡಿಸಿದ ಸೊಗಸು ಎಂದು ತಿಳಿಯುವುದು ವಾಡಿಕೆ. ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಬರಹ ಬಾಳಿಕೆ ಬರಬೇಕು, ತಿದ್ದಿದರೆ ಗುರುತು ಸಿಗಬೇಕು, ಇನ್ನೊಬ್ಬರು ಅದರ ನಕಲು ತೆಗೆಯಲಾಗಬಾರದು ಎಂಬ ಬೇಡಿಕೆಗಳೇ ಈ ಕಲೆಯನ್ನು ಸಾಕಿದವು. ಆ ಕೆಲಸವನ್ನು ಬೇರೆ ಸಾಧನಗಳು ವಹಿಸಿಕೊಂಡಾಗ ಕಲೆ ಕಳೆಗುಂದಿತು. ಅದು ಮತ್ತೆ ಚಿಗುರುವುದಾದರೆ ಬಳಕೆಯ ನೆಲದಲ್ಲೇ ಚಿಗುರಬೇಕು.

ಹಾಳೆಯ ತಯಾರಿ

ಕಾಗದ ಚೀನದ ಆವಿಷ್ಕಾರ. ಕ್ರಿ.ಶ. 105ರಲ್ಲಿ ಚಾಯ್ ಲುನ್ ಎಂಬ ಅಧಿಕಾರಿ ಅದರ ತಯಾರಿಕೆಯನ್ನು ಅರಸನಿಗೆ ವರದಿ ಮಾಡಿದನೆಂದು ಚೀನದ ಇತಿಹಾಸಗಳು ಹೇಳುತ್ತವೆ. 8ನೆಯ ಶತಮಾನದಲ್ಲಿ ಸಮರ್ಕಂದದ ದಾರಿಯಾಗಿ ಅದು ಇಸ್ಲಾಮಿ ಜಗತ್ತಿಗೆ ಬಂತು. ದಖನ್ನಿನಲ್ಲಿ ದೌಲತಾಬಾದಿನ ಬಳಿಯ ಕಾಗಜೀಪುರ ಮತ್ತು ಪುಣೆ ಸೀಮೆಯ ಜುನ್ನರ್ ಹೆಸರಾದ ಕಾಗದದ ಊರುಗಳು. ಅಲ್ಲಿಯ ಕಾಗಜಿಗಳು ಸೆಣಬಿನ ಹಳೆಯ ಹಗ್ಗ, ಗೋಣಿತಟ್ಟು, ಮೀನಿನ ಬಲೆ, ಚಿಂದಿಬಟ್ಟೆಗಳನ್ನು ಕತ್ತರಿಸಿ ಸುಣ್ಣದ ನೀರಿನಲ್ಲಿ ನೆನೆಹಾಕಿ, ಕಾಲಿನಿಂದ ತುಳಿಯುವ ಒನಕೆಯಲ್ಲಿ ಕುಟ್ಟಿ, ಹರಿಯುವ ನೀರಿನಲ್ಲಿ ತೊಳೆಯುತ್ತಿದ್ದರು. ನಾರು ಹೀಗೆ ಕುಟ್ಟಿಸಿಕೊಂಡಾಗ ಸೀಳಿ, ನೀರು ಕುಡಿದು ಉಬ್ಬುತ್ತದೆ. ಒಣಗುವಾಗ ಒಂದು ನಾರು ಇನ್ನೊಂದಕ್ಕೆ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಕಾಗದದ ಗಟ್ಟಿತನಕ್ಕೆ ಅಂಟಿಗಿಂತ ಈ ಹಿಡಿತವೇ ಮುಖ್ಯ ಕಾರಣ. ನೆಲದಲ್ಲಿ ಹೂಳಿದ ತೊಟ್ಟಿಯ ಅಂಚಿನಲ್ಲಿ ಕೂತ ಕಸುಬುದಾರ ಹುಲ್ಲಿನ ಕಡ್ಡಿಗಳಿಂದ ಹೆಣೆದ ಜಾಳಿಗೆಯನ್ನು ಮುಳುಗಿಸಿ ಎತ್ತುತ್ತಾನೆ. ನೀರು ಸೋರುವ ಕೆಲವೇ ಕ್ಷಣಗಳಲ್ಲಿ ಜಾಳಿಗೆಯನ್ನು ಅಲುಗಿಸಿ ನಾರನ್ನು ಸಮವಾಗಿ ಹರಡುವುದರಲ್ಲಿ ಅವನ ಇಡೀ ಕೌಶಲವಿದೆ. ಹೊರೆಯಾಗಿ ಪೇರಿಸಿದ ಹಸಿ ಹಾಳೆಗಳ ನೀರು ಹಿಂಡಿ, ಗಾರೆ ಮಾಡಿದ ಗೋಡೆಗೆ ಒಂದೊಂದಾಗಿ ಮೆತ್ತಿ ಒಣಗಿಸುತ್ತಾರೆ.

ಹಾಗೆ ಒಣಗಿದ ಹಾಳೆ ಇನ್ನೂ ಬರೆಯಲು ಬಾರದು; ಮಸಿ ತಗುಲಿದರೆ ಹೀರಿ ಹರಡುತ್ತದೆ. ಅದಕ್ಕೆ ಅಕ್ಕಿ ಅಥವಾ ಗೋಧಿಯ ಗಂಜಿ ಸವರಿ, ಒಣಗಿದ ಮೇಲೆ ಮರದ ಹಲಗೆಯ ಮೇಲಿಟ್ಟು ಅಕೀಕ ಕಲ್ಲು, ಶಂಖ ಅಥವಾ ನಯವಾದ ಗುಂಡುಕಲ್ಲಿನಿಂದ ತಿಕ್ಕುತ್ತಾರೆ. ಬೋರಿನ (ಜೊಂಡುಕಡ್ಡಿಯ) ಲೇಖನಿ ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಲು, ಅಕ್ಷರದ ಅಂಚು ಚೂಪಾಗಿ ನಿಲ್ಲಲು, ಧೂಳು ಮತ್ತು ತೇವ ಒಳಗಿಳಿಯದಿರಲು ಈ ಮೆರುಗೇ ಆಧಾರ. ಬಣ್ಣ ಊಡುವುದಕ್ಕೂ ಉದ್ದೇಶವಿತ್ತು: ಅಚ್ಚ ಬಿಳುಪು ಕಣ್ಣಿಗೆ ಚುಚ್ಚುತ್ತದೆಂದು ಹಾಳೆಗೆ ತಿಳಿಹಳದಿ, ಕೆನೆಬಣ್ಣ, ನಸುಗೆಂಪು ಕೊಡುತ್ತಿದ್ದರು, ಹುಳು ಹತ್ತದಿರಲೆಂದು ಅರಿಶಿನ ಬಳಸುವುದು ಭಾರತದ ಹಸ್ತಪ್ರತಿ ಸಂಪ್ರದಾಯಗಳಲ್ಲಿ ವ್ಯಾಪಕ. ಆದರೆ ಮೆರುಗಿನಲ್ಲಿ ಒಂದು ಅಪಾಯವೂ ಅಡಗಿದೆ. ಕಾಡಿಗೆಯ ಮಸಿ ಗಂಜಿಯ ಪದರದ ಮೇಲೆಯೇ ಕೂರುತ್ತದೆಯೇ ಹೊರತು ನಾರಿಗೆ ಇಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಅದೇ ಜಾಗದಲ್ಲಿ ಬೇರೆ ಅಕ್ಷರ ಬರೆಯಬಹುದು. ನಕಲು ಮಾಡುವ ಲಿಪಿಕಾರನಿಗೆ ಇದು ಅನುಕೂಲ. ಭೂಮಿಯ ದಾನಪತ್ರವನ್ನು ಪೆಟ್ಟಿಗೆಯಲ್ಲಿಟ್ಟವನಿಗೆ ಇದು ಭಯ. ಚಿನ್ನದ ಹುಡಿ ಉದುರಿಸಿದ ಅಥವಾ ಬಣ್ಣದ ಸುಳಿ ಹಿಡಿಸಿದ ಹಾಳೆಯನ್ನು ಒರೆಸಿದರೂ ಕೆರೆದರೂ ನೆಲದ ವಿನ್ಯಾಸ ಕೆಟ್ಟು ಕೈವಾಡ ಬಯಲಾಗುತ್ತದೆ. ಅರಸರ ಫರ್ಮಾನುಗಳಿಗೂ ಶ್ರೇಷ್ಠ ಕೈಬರಹಕ್ಕೂ ಚಿನ್ನ ಚೆಲ್ಲಿದ ಹಾಳೆ ಸಲ್ಲುತ್ತಿದ್ದುದರಲ್ಲಿ ಸಿರಿಯ ಪ್ರದರ್ಶನ ಎಷ್ಟಿತ್ತೋ ಈ ಭದ್ರತೆಯೂ ಅಷ್ಟೇ ಇತ್ತು.

ವಿಜಯಪುರದ ಅಬ್ರಿ

ತೇಲುವ ಬಣ್ಣದಿಂದ ಕಾಗದವನ್ನು ಅಲಂಕರಿಸುವ ಸುಮಿನಾಗಾಶಿ ಎಂಬ ಕ್ರಮ ಜಪಾನಿನಲ್ಲಿ 12ನೆಯ ಶತಮಾನದಷ್ಟು ಹಿಂದೆಯೇ ಇತ್ತು. ಅಲ್ಲಿ ಬರಿಯ ನೀರಿನ ಮೇಲೆ ಮಸಿ ತೇಲಿಸುತ್ತಾರೆ. ಪಶ್ಚಿಮ ಮತ್ತು ದಕ್ಷಿಣ ಏಷ್ಯದ ಅಬ್ರಿಯಲ್ಲಿ ನೀರನ್ನು ಗೋಂದು ಅಥವಾ ಮೆಂತ್ಯದಂಥ ಬೀಜದ ಲೋಳೆಯಿಂದ ಮಂದಗೊಳಿಸುತ್ತಾರೆ. ನುಣ್ಣಗೆ ಅರೆದ ಬಣ್ಣಕ್ಕೆ ಎತ್ತಿನ ಪಿತ್ತರಸ ಬೆರೆಸಿದರೆ ಬಣ್ಣ ಮುಳುಗದೆ ಮೇಲ್ಮೈಯಲ್ಲಿ ಹರಡುತ್ತದೆ; ಪಿತ್ತದ ಪ್ರಮಾಣ ಹೆಚ್ಚಿದಷ್ಟೂ ಹನಿ ಅಗಲವಾಗುತ್ತದೆ, ಪಕ್ಕದ ಬಣ್ಣವನ್ನು ತಳ್ಳುತ್ತದೆ. ಕಡ್ಡಿಯಿಂದ ಗೆರೆ ಎಳೆದು, ಹಣಿಗೆಯಿಂದ ಬಾಚಿ ವಿನ್ಯಾಸ ಮೂಡಿಸಿ, ಪಟಿಕದ ನೀರು ಸವರಿದ ಹಾಳೆಯನ್ನು ಗಾಳಿಗುಳ್ಳೆ ಸಿಕ್ಕದಂತೆ ಮೇಲೆ ಹಾಸಿದರೆ ಚಿತ್ರ ಹಾಳೆಗೆ ಹಿಡಿಯುತ್ತದೆ. ಬಣ್ಣವನ್ನು ನಾರಿಗೆ ಕಟ್ಟುವುದು ಪಟಿಕವೇ. ಅದಿಲ್ಲದಿದ್ದರೆ ಹಾಳೆ ತೊಳೆದಾಗ ಬಣ್ಣವೂ ತೊಳೆದುಹೋಗುತ್ತದೆ. ಒಮ್ಮೆ ಎತ್ತಿದ ವಿನ್ಯಾಸ ನೀರಿನ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಒಂದು ಹಾಳೆಯ ಹಾಗೆ ಇನ್ನೊಂದು ಹಾಳೆ ಇರುವುದು ಸಾಧ್ಯವಿಲ್ಲ. ಅಬ್ರಿಯ ಬೆಲೆಯ ಗುಟ್ಟು ಇಲ್ಲಿದೆ.

ಇರಾನಿನಿಂದ ಭಾರತಕ್ಕೆ ವಲಸೆ ಬಂದ ಮೀರ್ ಮುಹಮ್ಮದ್ ತಾಹಿರ್ ಎಂಬ ಕಲಾವಿದ ಹೊಸ ಬಗೆಯ ಅಬ್ರಿಯನ್ನು ರೂಪಿಸಿದನೆಂದು ಪಾರಸಿ ಬರಹಗಳು ಹೇಳುತ್ತವೆ. ಆ ವಿದ್ಯೆಗೆ ಹದವಾದ ನೆಲ ಸಿಕ್ಕಿದ್ದು ದಖನ್ನಿನಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ಸಂಗೀತವನ್ನು ಪ್ರೀತಿಸಿದ, ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹ ರಚಿಸಿದ ದೊರೆ. ಅವನ ಆಸ್ಥಾನದಲ್ಲಿ ಚಿತ್ರಕಾರರು, ಕೈಬರಹಗಾರರು, ಪುಸ್ತಕ ಕಟ್ಟುವವರು ಒಂದೇ ಸೂರಿನ ಕೆಳಗೆ ದುಡಿಯುತ್ತಿದ್ದರು. ಇಲ್ಲಿ ಅಬ್ರಿ ಅಂಚುಪಟ್ಟಿಯ ಮಿತಿಯನ್ನು ದಾಟಿ ಚಿತ್ರವೇ ಆಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 1625ರದೆಂದು ಗುರುತಿಸಲಾದ ವಿಜಯಪುರದ ಚಿತ್ರವೊಂದರಲ್ಲಿ ಎಲುಬುಗೂಡಾದ ಕುದುರೆ ಮತ್ತು ಅದರ ಸವಾರ ಇದ್ದಾರೆ. ಆಕೃತಿಯನ್ನು ತುಂಬಿರುವುದು ಕುಂಚದ ಬಣ್ಣವಲ್ಲ, ಅಬ್ರಿಯ ಸುಳಿಗಳು. ಇದನ್ನು ಸಾಧಿಸಲು ಹಾಳೆಯಲ್ಲಿ ಬಣ್ಣ ಬೇಡವಾದ ಭಾಗವನ್ನು ಕತ್ತರಿಸಿದ ಅಚ್ಚಿನಿಂದಲೋ ಗೋಂದಿನ ಲೇಪದಿಂದಲೋ ಮುಚ್ಚಿ, ಹಾಳೆಯನ್ನು ತೊಟ್ಟಿಗೆ ಹಾಸಿ, ಅಗತ್ಯವಿದ್ದರೆ ಬೇರೆ ಭಾಗ ಮುಚ್ಚಿ ಮತ್ತೆ ಹಾಸಬೇಕು. ಕೊನೆಗೆ ಕಣ್ಣು, ಗೊರಸು, ಲಗಾಮುಗಳನ್ನು ಸಣ್ಣ ಕುಂಚದಿಂದ ತೀಡಬೇಕು. ಅಮೆರಿಕದ ಕಲಾವಿದ ಕ್ರಿಸ್ಟೊಫರ್ ವೈಮನ್ 1980ರ ದಶಕದಲ್ಲಿ ಈ ಕ್ರಮವನ್ನು ಪ್ರಯೋಗದಿಂದಲೇ ಮತ್ತೆ ಕಂಡುಕೊಂಡು ಪ್ರಕಟಿಸಿದ.

ಅಬ್ರಿ ಬರಿಯ ಆಕಸ್ಮಿಕದ ಫಲ, ಅದರಲ್ಲಿ ಕಲಾವಿದನ ಪಾಲು ಕಡಿಮೆ ಎಂಬ ಆಕ್ಷೇಪಕ್ಕೆ ವಿಜಯಪುರದ ಕುದುರೆಯೇ ಉತ್ತರ. ಸುಳಿ ಎಲ್ಲಿ ಹೇಗೆ ತಿರುಗುತ್ತದೆಂಬುದು ನೀರಿನ ಪಾಲಿಗಿರಬಹುದು. ಅದು ಎಲ್ಲಿ ನಿಲ್ಲಬೇಕೆಂಬುದನ್ನು ಕೈ ಮೊದಲೇ ನಿರ್ಧರಿಸಿದೆ. ಇದು ಪಾರಸಿ ವಿದ್ಯೆ, ಇಲ್ಲಿಯದಲ್ಲ ಎಂಬುದು ಇನ್ನೊಂದು ಆಕ್ಷೇಪ. ತೊಟ್ಟಿ, ಪಿತ್ತ, ಪಟಿಕಗಳ ಬಳಕೆ ಹೊರಗಿನಿಂದ ಬಂತೆಂಬುದು ನಿಜ. ಆದರೆ ಅಬ್ರಿಯನ್ನು ಆಕೃತಿಗೆ ಒಗ್ಗಿಸಿ ಚಿತ್ರ ಮಾಡಿದ ಸಾಧನೆ ದಖನ್ನಿನದೆಂದೇ ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಗೋಳಗುಮ್ಮಟದ ಗುಮ್ಮಟ ಕಟ್ಟುವ ವಿದ್ಯೆಯೂ ದೂರದಿಂದ ಬಂದದ್ದೇ. ಅದನ್ನು ಯಾರೂ ಕನ್ನಡ ನೆಲದ ಲೆಕ್ಕದಿಂದ ಹೊರಗಿಡುವುದಿಲ್ಲ. ಕಾಗದವನ್ನು ಮಾತ್ರ ಹೊರಗಿಡುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪ ಈ ಲೇಖನದ ವಾದಕ್ಕೇ ಎದುರಾದದ್ದು: ಬಡಕಲು ಕುದುರೆಯ ಚಿತ್ರ ಯಾವ ದಾಖಲೆಯನ್ನು ಕಾಪಾಡಿತು? ಅದು ರಸಿಕರ ಸಂತೋಷಕ್ಕಲ್ಲವೇ? ಚಿತ್ರದ ಮಟ್ಟಿಗೆ ಇದು ಸರಿಯಾದ ಮಾತು. ಆದರೆ ಅಂಥ ಚಿತ್ರ ವಿರಳ ಸಾಧನೆ. ಕಾರ್ಯಾಗಾರದ ನಿತ್ಯದ ಕೂಳು ಬರುತ್ತಿದ್ದುದು ಕೈಬರಹದ ನೆಲ, ಮುರಕ್ಕಾಗಳ (ಚಿತ್ರ, ಕೈಬರಹಗಳ ಸಂಪುಟಗಳ) ಅಂಚು, ಪುಸ್ತಕದ ಹೊದಿಕೆಗಳಿಂದ. ನಿತ್ಯದ ಕೆಲಸವಿದ್ದಲ್ಲಿಯೇ ವಿರಳ ಸಾಧನೆಗೆ ಬೇಕಾದ ಕೈಚಳಕ ಬೆಳೆಯುತ್ತದೆ. ಅಬ್ರಿಯ ಪುನರಾವರ್ತಿಸಲಾಗದ ಗುಣವನ್ನು ಭದ್ರತೆಗೆ ಬಳಸಿದ ಉದಾಹರಣೆಗಳು ಬೇರೆಡೆ ನೇರವಾಗಿಯೇ ಸಿಗುತ್ತವೆ. 1775ರಲ್ಲಿ ಅಮೆರಿಕದ ವಸಾಹತುಗಳು ಹೊರಡಿಸಿದ 20 ಡಾಲರ್ ನೋಟಿನ ಒಂದು ಅಂಚಿಗೆ ಅಬ್ರಿಯ ವಿನ್ಯಾಸವಿತ್ತು. ಯುರೋಪಿನ ಲೆಕ್ಕದ ಪುಸ್ತಕಗಳ ಹಾಳೆಯಂಚಿಗೂ ಅಬ್ರಿ ಹಿಡಿಸುತ್ತಿದ್ದರು. ನಡುವಿನ ಒಂದು ಹಾಳೆ ಕಿತ್ತರೂ ಅಂಚಿನ ವಿನ್ಯಾಸ ಮುರಿದು ಕಳವು ಕಾಣುತ್ತಿತ್ತು.

ಕಿತ್ತೂರು ಸೀಮೆಯಲ್ಲಿ ಕಾಗದದ ಅಧಿಕಾರ

ಇಂದಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆ ಆದಿಲ್‌ಶಾಹಿ ಆಡಳಿತದ ವ್ಯಾಪ್ತಿಯಲ್ಲಿತ್ತು. ಕಿತ್ತೂರು ದೇಸಗತಿಯ ಮೂಲಪುರುಷರಾದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಸಹೋದರರು ವಿಜಯಪುರದ ಸೇವೆಯಲ್ಲಿದ್ದವರು. ದೇಸಗತಿಯ ಆರಂಭವನ್ನು 1585ಕ್ಕೆ, ಅಂದರೆ ಎರಡನೆಯ ಇಬ್ರಾಹಿಮನ ಕಾಲಕ್ಕೆ ಹೇಳಲಾಗುತ್ತದೆ. ಇಲ್ಲೊಂದು ಆಕ್ಷೇಪ ಏಳಬಹುದು: ಕನ್ನಡಿಗರ ಬರಹ ಕಲ್ಲು, ತಾಡವೋಲೆ, ಕಡತಗಳಲ್ಲಿ ನಡೆಯಿತು, ಕಾಗದ ದರ್ಬಾರಿನ ಪಾರಸಿ ಮತ್ತು ಮರಾಠಿಯ ಮೋಡಿ ಬರಹಕ್ಕೆ ಸೀಮಿತ. ಇದರಲ್ಲಿ ಹುರುಳಿಲ್ಲದಿಲ್ಲ. ವಿಜಯಪುರದಲ್ಲಿ ನೆಲೆಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ ಫ.ಗು. ಹಳಕಟ್ಟಿಯವರು ಮಠ ಮನೆಗಳಿಂದ ಕೂಡಿಸಿದ್ದರಲ್ಲಿ ಮುಖ್ಯವಾದವು ಓಲೆಗರಿಗಳು. ಆದರೆ ಧರ್ಮ ಸಾಹಿತ್ಯಗಳು ಓಲೆಯಲ್ಲಿ ಉಳಿದಾಗಲೂ ಹೊಲ, ಹಕ್ಕು, ವಾರಸಿಕೆಗಳು ಕಾಗದಕ್ಕೆ ದಾಟಿದ್ದವು. ಕಡತವೂ ಈ ಕಲೆಗೆ ಹೊರಗಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಲ ಪುಡಿ ಕಲಸಿ ಬಳಿದು, ಗಟ್ಟಿ ಮಾಡಿ ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುವ ಕಡತದಲ್ಲಿ ಬರಹದ ನೆಲವನ್ನು ಹದ ಮಾಡುವ ಅದೇ ವಿವೇಕ ಕಾಣುತ್ತದೆ. ಹುಣಸೆಬೀಜದ ಅದೇ ಸರಿ ನೆರೆಯ ಸಾವಂತವಾಡಿಯ ಗಂಜೀಫಾ ಎಲೆಗಳ ತಯಾರಿಕೆಯಲ್ಲೂ ಬಳಕೆಯಾಗುತ್ತದೆ.

ಕಾಗದದ ನಂಬಿಕೆ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಕಿತ್ತೂರಿನ ಇತಿಹಾಸಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಗನನ್ನು ದತ್ತು ತೆಗೆದುಕೊಂಡಿರುವುದಾಗಿ ತಿಳಿಸುವ ಅವನ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿದಾಗ ಅವನು ಅದರ ಸಹಿಯನ್ನೇ ನಂಬಲಿಲ್ಲ. ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದೆ ಸಂಸ್ಥಾನದ ಮೇಲೆ ಕೈಹಾಕಿತು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಯುದ್ಧಕ್ಕೆ ಕಂಪನಿಯ ಭೂದಾಹವೇ ಮೂಲ ಕಾರಣ. ಆದರೂ ಆ ದಾಹ ಬಳಸಿಕೊಂಡ ನೆಪ ಒಂದು ಕಾಗದದ ಸಾಚಾತನ. ಸಂಗೊಳ್ಳಿಯ ರಾಯಣ್ಣ ಶೇತಸನದಿಯಾಗಿದ್ದ, ಅಂದರೆ ಚಾಕರಿಗೆ ಪ್ರತಿಯಾಗಿ ಸನದಿನ ಮೇಲೆ ಹೊಲ ಪಡೆದ ಕಾವಲಿನವರಲ್ಲಿ ಒಬ್ಬ. ಅಂಥ ಹಕ್ಕುಗಳಿಗೆ ಹೊಸ ಸರಕಾರ ಕೊಡಲಿ ಹಾಕಿದ್ದು ಅವನ ಬಂಡಾಯದ ಕಾರಣಗಳಲ್ಲಿ ಒಂದು. ಅವನ ದಂಡು 1830ರ ಜನವರಿಯಲ್ಲಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟಿತು. ರೈತನ ನೆಲ ದಫ್ತರದ ಹಾಳೆಯಲ್ಲಿ ಸೆರೆಯಾಗಿದ್ದಾಗ ಕಚೇರಿಯೇ ರಣರಂಗವಾಗುವುದು ಸಹಜ. ಮುಂದೆ 1852ರ ಕಾಯ್ದೆಯಡಿ ಇನಾಂ ಕಮಿಷನ್ ಈ ಭಾಗದ ಇನಾಂದಾರರಿಂದ, ಮಠ ಗುಡಿಗಳಿಂದ ಸನದು ಕೇಳಿತು. ಹಳೆಯ ಹಾಳೆ ಕೈಯಲ್ಲಿ ಉಳಿದಿದ್ದವನ ಹಕ್ಕಿಗೆ ಆಧಾರ ಸಿಕ್ಕಿತು. ಗೆದ್ದಲು ತಿಂದ ಹಾಳೆಯವನು ನಿರ್ಗತಿಕನಾದ. ಗಂಜಿ, ಅರಿಶಿನ, ಮೆರುಗುಗಳು ಸೊಗಸಿನ ಸಂಗತಿಗಳೆಂದು ಹೇಳುವವರು ಈ ಸಂದರ್ಭವನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ಅಳಿವಿನ ಕಾರಣ

1686ರ ಸೆಪ್ಟೆಂಬರಿನಲ್ಲಿ ವಿಜಯಪುರ ಔರಂಗಜೇಬನ ವಶವಾಯಿತು. ಅರಮನೆಯ ಕಾರ್ಯಾಗಾರ ಚೆದುರಿತು. ಅಲ್ಲಿಯ ಆಸಾರ್ ಮಹಲಿನಲ್ಲಿ ಉಳಿದಿದ್ದ ನೂರಾರು ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಹೀಗೆ ಕಲಿಯುವವರ ಕಣ್ಣೆದುರಿನ ಮಾದರಿಗಳೂ ಹೋದವು. ಕೈಕಾಗದ ಅಳಿದದ್ದಕ್ಕೆ ಗಿರಣಿಯ ಅಗ್ಗದ ಕಾಗದ ಕಾರಣವೆಂಬುದು ಸಾಮಾನ್ಯ ವಿವರಣೆ. ಬರಿಯ ಬರವಣಿಗೆಯ ಹಾಳೆಗೆ ಅದು ಒಪ್ಪುವ ಮಾತು. ಅಲಂಕೃತ ಕಾಗದಕ್ಕೆ ಅದು ಸಾಲದು, ಏಕೆಂದರೆ ಅದೇ ಗಿರಣಿ ಕಾಗದ ತುರ್ಕಿಗೂ ಬಂತು, ಅಲ್ಲಿ ಎಬ್ರು ಅಳಿಯಲಿಲ್ಲ. ಇಸ್ತಾಂಬುಲಿನ ನೆಜ್ಮೆದ್ದೀನ್ ಓಕ್ಯಾಯ್ (1883–1976), ಅವನ ಶಿಷ್ಯ ಮುಸ್ತಫಾ ದುಜ್ಗುನ್‌ಮನ್ (1920–1990) ಅವರಂಥವರು ಗುರುಶಿಷ್ಯ ಪರಂಪರೆಯಲ್ಲಿ ಅದನ್ನು ದಾಟಿಸಿದರು. 2014ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕೈಬರಹ ಮತ್ತು ಪುಸ್ತಕ ಕಟ್ಟುವ ಕಸುಬು ಉಳಿದಿದ್ದರಿಂದ ಎಬ್ರುಗೆ ಕೊಳ್ಳುವವರು ಉಳಿದರು. ನಮ್ಮಲ್ಲಿ ದೇಸಾಯಿ, ಸರದಾರರ ದಫ್ತರಗಳ ಜಾಗಕ್ಕೆ ಸರಕಾರದ ಛಾಪಾಕಾಗದ ಬಂತು. ಸಾಚಾತನದ ಹೊಣೆ ಕಸುಬುದಾರನ ಕೈಯಿಂದ ಮುದ್ರಣಾಲಯದ ನೀರ್ಗುರುತಿಗೂ ಮೊಹರಿಗೂ ವರ್ಗವಾಯಿತು. ಕೆಲಸ ಕಳೆದುಕೊಂಡ ಅಲಂಕಾರ ಬರಿಯ ಅಲಂಕಾರವಾಗಿ ಬಾಳಲಾರದೆ ನಿಂತುಹೋಯಿತು.

ಯಂತ್ರದ ಭದ್ರತೆಯೂ ಪೂರ್ಣವೇನಲ್ಲ. 2000ರ ದಶಕದ ಆರಂಭದಲ್ಲಿ ಬಯಲಿಗೆ ಬಂದು ದೇಶವನ್ನೇ ಕಂಗೆಡಿಸಿದ ನಕಲಿ ಛಾಪಾಕಾಗದದ ಹಗರಣದ ರೂವಾರಿ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ಒಂದೇ ಅಚ್ಚಿನಿಂದ ಲಕ್ಷಾಂತರ ಪ್ರತಿ ತೆಗೆಯುವ ವ್ಯವಸ್ಥೆಯಲ್ಲಿ ಅಚ್ಚು ಕೈಸೇರಿದರೆ ಎಲ್ಲವೂ ಕೈಸೇರಿದಂತೆ. ಇದರಿಂದ ದಸ್ತಾವೇಜುಗಳನ್ನು ಮತ್ತೆ ಅಬ್ರಿ ಹಾಳೆಯಲ್ಲಿ ಬರೆಯಬೇಕೆಂದು ಸಾಧಿಸಲಾಗದು. ಇಂದು ಆ ಕೆಲಸ ವಿದ್ಯುನ್ಮಾನ ದಾಖಲೆಗೆ ಹೋಗಿದೆ. ಒಂದೊಂದು ಹಾಳೆಯೂ ತನ್ನ ಗುರುತನ್ನು ತಾನೇ ಹೊರುವಂತೆ ಮಾಡಿದ ಹಳಬರ ಯೋಚನೆ ಎಷ್ಟು ತರ್ಕಬದ್ಧವಾಗಿತ್ತೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಪುನರುಜ್ಜೀವನದ ನೆಲೆ

1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಜೆ.ಸಿ. ಕುಮಾರಪ್ಪನವರು ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕೈಕಾಗದವನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಹುಟ್ಟಿತು. ಬೆಳಗಾವಿ ಜಿಲ್ಲೆ ಈ ಚಳವಳಿಗೆ ದೂರವಿರಲಿಲ್ಲ: 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲಿ ಗಾಂಧೀಜಿಯವರ ಸಮ್ಮುಖದಲ್ಲೇ ನಡೆಯಿತು, ಆ ಊರು ಖಾದಿಗೆ ಹೆಸರಾಯಿತು. ಇಂದು ಭಾರತದ ಕೈಕಾಗದ ಹೆಚ್ಚಾಗಿ ಹತ್ತಿಬಟ್ಟೆಯ ಕತ್ತರಿ ಚೂರುಗಳಿಂದ ತಯಾರಾಗುತ್ತದೆ. ಬೈಲಹೊಂಗಲ ಹಿಂದಿನಿಂದಲೂ ಹತ್ತಿಯ ಪೇಟೆ; ರಾಮದುರ್ಗ, ಸುರೇಬಾನಗಳಲ್ಲಿ ಮಗ್ಗಗಳಿವೆ; ಮಲಪ್ರಭೆಯ ನೀರಿದೆ. ಆದರೂ ಕಚ್ಚಾ ಸಾಮಗ್ರಿ ಇದ್ದ ಮಾತ್ರಕ್ಕೆ ಕಸುಬು ಹುಟ್ಟುತ್ತದೆ ಎನ್ನುವಂತಿಲ್ಲ. ಪಾಲಿಯೆಸ್ಟರ್ ಬೆರೆತ ಚಿಂದಿ ನೀರು ಕುಡಿಯದು, ಅದರ ನಾರು ಹಿಡಿತ ಕೊಡದು; ಆದ್ದರಿಂದ ಚಿಂದಿಯನ್ನು ಬೇರ್ಪಡಿಸುವುದೇ ದೊಡ್ಡ ಕೆಲಸ. ಕಬ್ಬಿನ ಹಿಪ್ಪೆ ಈ ಸೀಮೆಯಲ್ಲಿ ಹೇರಳ, ಆದರೆ ಅದರ ನಾರು ಗಿಡ್ಡ. ಗಟ್ಟಿ ಹಾಳೆಗೆ ಹತ್ತಿಯ ಉದ್ದ ನಾರಿನ ಆಸರೆ ಬೇಕು. ಬಣ್ಣ ಮತ್ತು ಪಟಿಕದ ನೀರನ್ನು ಹೊಳೆಗೆ ಬಿಡದಂತೆ ಶುದ್ಧಗೊಳಿಸುವ ವ್ಯವಸ್ಥೆಯೂ ಮೊದಲೇ ಇರಬೇಕು.

ಯಂತ್ರದಲ್ಲಿ ಮುದ್ರಿಸಿದ ಮಾರ್ಬಲ್ ವಿನ್ಯಾಸ ಅಗ್ಗಕ್ಕೆ ಸಿಗುವಾಗ ಇಷ್ಟು ಶ್ರಮ ಏಕೆ ಎಂದು ಕೇಳಬಹುದು. ಉಡುಗೊರೆಯ ಹೊದಿಕೆಗೆ, ಲಗ್ನಪತ್ರಿಕೆಗೆ ಮಾತ್ರವಾದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಕೈಕಾಗದವನ್ನು ಆ ಸಂತೆಯಲ್ಲಷ್ಟೇ ನಿಲ್ಲಿಸಿದರೆ ಅದು ಪ್ರತಿ ಸಲವೂ ಯಂತ್ರಕ್ಕೆ ಸೋಲುತ್ತದೆ. ಯಂತ್ರ ಸುಲಭವಾಗಿ ಕೊಡಲಾರದ ಕೆಲಸಗಳು ಬೇರೆ ಇವೆ. ಕಟ್ಟಿಗೆಯ ತಿರುಳಿನಿಂದ ಮಾಡಿ ರಾಳ–ಪಟಿಕದಿಂದ ಗಟ್ಟಿಗೊಳಿಸಿದ 19, 20ನೆಯ ಶತಮಾನಗಳ ಕಾಗದ ತನ್ನ ಆಮ್ಲದಿಂದಲೇ ಹಳದಿಯಾಗಿ ಮುರಿಯುತ್ತಿದೆ. ಅದಕ್ಕಿಂತ ಹಳೆಯ ಚಿಂದಿ ಕಾಗದ ಇನ್ನೂ ಬಾಗುತ್ತದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಗಳ ಹಸ್ತಪ್ರತಿಗಳು, ಮಠಗಳ ಕಾಗದದ ಕಟ್ಟುಗಳು, ವಾಡೆಗಳ ಮೋಡಿ ದಫ್ತರಗಳು ತೇಪೆ 	ಬೇಡುತ್ತವೆ. ಮೂಲ ಹಾಳೆಯ ನಾರಿಗೂ ದಪ್ಪಕ್ಕೂ ಹೊಂದುವ, ಆಮ್ಲವಿಲ್ಲದ ಕೈಕಾಗದವೇ ಅದಕ್ಕೆ ಯೋಗ್ಯ. ಇಲ್ಲಿ ಅಬ್ರಿಯ ಬಗ್ಗೆ ಎಚ್ಚರವೂ ಬೇಕು: ಪಟಿಕ ಆಮ್ಲಗುಣದ್ದಾದ್ದರಿಂದ ಅದನ್ನು ಅತಿ ತೆಳುವಾಗಿ ಬಳಸಿ, ಹಾಳೆಗೆ ಸುಣ್ಣದ ಅಂಶ ಸೇರಿಸಿ ಸರಿದೂಗಿಸದಿದ್ದರೆ ರಕ್ಷಿಸಬೇಕಾದ ಪುಸ್ತಕಕ್ಕೇ ಅದು ಹಾನಿ ಮಾಡೀತು. ಕಿತ್ತೂರಿನ ಕೋಟೆಯಲ್ಲಿ ವಸ್ತುಸಂಗ್ರಹಾಲಯವಿದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವಿದೆ. ಹಳೆಯ ಕಾಗದ ಕಾಪಾಡುವ ಹೊಣೆಯನ್ನೂ ಹೊಸ ಕೈಕಾಗದ ಮಾಡುವ ತರಬೇತಿಯನ್ನೂ ಒಂದೇ ಕಡೆ ಜೋಡಿಸಿದರೆ ಕಸುಬಿಗೆ ನಿತ್ಯದ ಕೆಲಸ ಸಿಗುತ್ತದೆ. ಈ ಸೀಮೆಯ ಕಾಗದದ ಇತಿಹಾಸ ಕಲಿಸುವುದು ಇಷ್ಟೇ: ಹಾಳೆಯ ಚೆಲುವನ್ನು ಪೋಷಿಸಿದ್ದು ಅದರ ಮೇಲೆ ಜನ ಇಟ್ಟ ಭರವಸೆ. ವಿಜಯಪುರದ ಅಬ್ರಿಯನ್ನು ಮರಳಿ ತರಬೇಕೆನ್ನುವವರು ಮೊದಲು ಕಾಗದಕ್ಕೆ ಭರವಸೆಯ ಕೆಲಸವೊಂದನ್ನು ಒಪ್ಪಿಸಬೇಕು. ಬಣ್ಣದ ತೊಟ್ಟಿ ಅದರ ಹಿಂದೆ ಬರುತ್ತದೆ.